ಮೂವತ್ತಾರೂವರೆ ಅಂತ ಬರಿ

ಮೇ ೭, ಊಟದ ಬಿಡುವು
…ಅಪ್ಪ ಬರುವ ಹಡಗು ಒಂದು ಗಂಟೆ ತಡ. ನಾನು ಕೆಲಸ ಮಾಡುವ ಗೋದಾಮಿನವರು ನನ್ನ ಅರ್ಧ ದಿನದ ರಜೆ ಮುರಿದುಕೊಂಡರು. ತ್ಸುಷಿಮಾ ದ್ವೀಪದಿಂದ ಬಂದಿಳಿದ ಅಪ್ಪ ನನ್ನ ನೋಡಿ, "ಫುಕುವೋಕಾ ಸೇರಿ ಹಿಂಗ್ ಒಣಗಿದ್ದೀಯಲ್ಲೋ ಶುನ್, ಕ್ಯಾನ್ಸರ್ ನಂಗಾ ನಿಂಗಾ?" ಎಂದ.

ಮೇದೋಜೀರಕದ್ದು. ಲಿವರಿಗೂ ಹಬ್ಬಿದೆ. ಇಲ್ಲಿನ ಆಸ್ಪತ್ರೆಯಲ್ಲಿ ವಾರಕ್ಕೊಂದು ಕಿಮೋ ಡ್ರಿಪ್, ಜೊತೆಗೆ ತೊಡೆಗೆ ಪ್ರಯೋಗದ ಲಸಿಕೆ. ನಿಜವಾದ ಲಸಿಕೆಯೋ ಬರೀ ನೀರೋ, ಚುಚ್ಚುವವರಿಗೂ ಗೊತ್ತಿಲ್ಲ.

ಮೇ ೧೪
ಚುಚ್ಚಿದ ಜಾಗ ಕೆಂಪಗೆ ಗಂಟು ಕಟ್ಟಿದೆ. "ನೀರಾಗಿದ್ರೆ ಊದ್ತಿತ್ತಾ? ನಂಗೆ ಅಸಲಿ ಮಾಲೇ ಸಿಕ್ಕಿರೋದು!" ಮೀನುಗಾರ ಅಪ್ಪನದು ಸ್ಕ್ವಿಡ್ ಬಲೆ ತುಂಬಿದ ದಿನದ ನಗು.

ನರ್ಸ್ ತೊಕುನಾಗಾ ನಗಲಿಲ್ಲ. "ಅದ್ರಿಂದ ಏನೂ ಹೇಳಕ್ಕಾಗಲ್ಲ. ಜ್ವರ ಮೂವತ್ತೆಂಟು ದಾಟಿದ್ರೆ ತಕ್ಷಣ ಫೋನ್ ಮಾಡಿ. ಕಿಮೋದಲ್ಲಿ ಬಿಳಿ ರಕ್ತಕಣ ಬಿದ್ದೋಗಿರುತ್ತೆ, ಸಣ್ಣ ಸೋಂಕೂ ಜೀವ ತೆಗೆಯುತ್ತೆ." ಅಪ್ಪ ಸೊಂಟ ಬಗ್ಗಿಸಿ ನಮಸ್ಕರಿಸಿದ.

ಮೇ ೨೪
ಸಮುದ್ರ ಕೆಟ್ಟಿದೆ, ಹಡಗಿಲ್ಲ. ಅಪ್ಪ ನನ್ನ ಕೋಣೆಯಲ್ಲೇ. ಬೆಳಿಗ್ಗೆ ಥರ್ಮಾಮೀಟರ್ ಮೂವತ್ತೆಂಟು ಪಾಯಿಂಟ್ ಎರಡು. ದಿನಾ ಜ್ವರ ಬರೆದಿಡಬೇಕಾದ ಪ್ರಯೋಗದ ಪುಸ್ತಕ ಮುಂದಿಟ್ಟ.

"ಮೂವತ್ತಾರೂವರೆ ಅಂತ ಬರಿ. ನಂಗೆ ಬೆರಳು ಜೋಮು."

"ಫೋನ್ ಮಾಡ್ಬೇಕಲ್ಲಪ್ಪಾ."

"ಡ್ರಿಪ್ ಮುಂದಕ್ಕೆ ಹಾಕ್ತಾರೆ. ಎರಡು ಸಲ ತಪ್ಪಿದ್ರೆ ಪ್ರಯೋಗದಿಂದ್ಲೇ ಹೊರಗೆ. ಭಾನುವಾರ ಅವ್ರಿಗ್ಯಾಕೆ ತೊಂದ್ರೆ ಕೊಡೋದು?"

ಬರೆದೆ. ಅಪ್ಪ ಕೆಳಗೆ ಸಹಿಗೆ ಬದಲು ತನ್ನ ಹೆಸರಿನ ಮುದ್ರೆ ಒತ್ತಿದ. ಸಂಜೆ ಜ್ವರ ತಾನೇ ಇಳಿಯಿತು. "ನೋಡ್ದಾ?"

ಮೇ ೨೮
ತೊಕುನಾಗಾ ಪುಸ್ತಕ ತಿರುವಿ, "ಎಲ್ರೂ ಹಿಂಗೆ ಬರೆದ್ರೆ ನಮ್ ಕೆಲ್ಸ ಎಷ್ಟು ಸುಲಭ!" ಎಂದರು. ಡ್ರಿಪ್ ಏರಿಸಿದರು. ನನಗೆ ಕಣ್ಣೆತ್ತಲಾಗಲಿಲ್ಲ.

ಜೂನ್ ೯, ಸಂಜೆ, ಗೋದಾಮಿನ ಮೆಟ್ಟಿಲು
ದ್ವೀಪದಿಂದ ಅಮ್ಮನ ಫೋನ್. ಮೂವತ್ತೊಂಬತ್ತು ಪಾಯಿಂಟ್ ನಾಲ್ಕು. ಅಪ್ಪನ ಮಾತು ತೊದಲುತ್ತಿದೆ. ಜ್ವರ ಮೂರು ದಿನದಿಂದ!

"ಯಾರ್ಗೂ ಹೇಳ್ಬೇಡ ಅಂದ್ರು ಕಣೋ."

"ಪುಸ್ತಕದಲ್ಲಿ ಏನ್ ಬರೆದೆ ಅಮ್ಮಾ?"

"ನೀನ್ ಬರೆದಿದ್ದೆಯಲ್ಲ… ಅದೇ."

ಆಂಬುಲೆನ್ಸ್ ಕರೆಸಿದೆ. ದ್ವೀಪದ ಆಸ್ಪತ್ರೆಗೆ ಒಯ್ದಿದ್ದಾರೆ. ಆಮೇಲೆ ತೊಕುನಾಗಾಗೆ ಫೋನ್. "ಹಿಂದೆ ಯಾವತ್ತಾದ್ರೂ ಹೀಗಾಗಿತ್ತಾ?"

ಹೇಳಿದೆ. ಎಲ್ಲ. ಯಾರ ಅಕ್ಷರ ಅಂತಲೂ.

ಅವರು ತಾರೀಕು ಕೇಳಿ ಬರೆದುಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

"ಗೊತ್ತಿದ್ರೆ ಇಪ್ಪತ್ತೆಂಟನೇ ತಾರೀಕಿನ ಡ್ರಿಪ್ ನಾವು ಕೊಡ್ತಾನೇ ಇರ್ಲಿಲ್ಲ ಶುನ್ ಅವ್ರೇ." ಮತ್ತೆ ಮೆಲ್ಲಗೆ, "ಡಾಕ್ಟ್ರು ಅಲ್ಲಿಯವ್ರ ಜೊತೆ ಮಾತಾಡ್ತಿದ್ದಾರೆ. ಹೆಲಿಕಾಪ್ಟರ್‌ನಲ್ಲಿ ತರೋ ಸ್ಥಿತಿಲಿ ಇದ್ದಾರಾ ನೋಡ್ಬೇಕು. ನಾಲ್ಕೂ ನಲವತ್ತಕ್ಕೆ ನೀವೇ ಫೋನ್ ಮಾಡಿ."

ಈಗ ನಾಲ್ಕೂ ಹನ್ನೆರಡು. ನಾಲ್ಕೂ ನಲವತ್ತಕ್ಕೆ ಫೋನ್ ಮಾಡಬೇಕು; ಇನ್ನೂ ಇಪ್ಪತ್ತೆಂಟು ನಿಮಿಷ.