ಅಡಕತ್ತರಿ ತುಂಬಿದೆ

ವಾಲ್‌ನಟ್, ಲಾಸ್ ಏಂಜಲೀಸ್
ಸೋಮವಾರ, ೧೬ ಅಕ್ಟೋಬರ್ ೨೦೨೩

ಪ್ರೀತಿಯ ಅಜ್ಜಾ,

ನಮಗ್ಯಾರಿಗೂ ಹೇಳದೆ ನೀವು ಆ ಪಿಸ್ತೂಲನ್ನು ಗೌರಿ ಅತ್ತೆಯ ಮನೆಗೆ ಒಯ್ದದ್ದು ತಪ್ಪು. ಮೊದಲ ಸಾಲಿನಲ್ಲೇ ಬರೆದುಬಿಟ್ಟೆ, ಆಮೇಲೆ ಬರೆಯೋಣವೆಂದರೆ ಧೈರ್ಯ ಉಳಿಯುವುದಿಲ್ಲ. ಈಗ ಕೇಳುತ್ತೇನೆ, ಹೇಗಿದ್ದೀರಿ? ಮೊಣಕಾಲಿನ ಬಾವು ಇಳಿಯಿತೇ? ಸ್ಯಾನ್ ಡಿಯೇಗೋದ ಗಾಳಿ ನಿಮಗೆ ಒಗ್ಗಿತೇ? ಅತ್ತೆ ರೊಟ್ಟಿಯನ್ನು ಬಡಿಯದೆ ಲಟ್ಟಿಸುತ್ತಾಳೆಂದು ನೀವು ಅರ್ಧಕ್ಕೇ ಏಳುತ್ತೀರಂತೆ. ಹಾಗೆ ಮಾಡಬೇಡಿ, ಅವಳಿಗೆ ಬಡಿಯಲು ಯಾರೂ ಕಲಿಸಲಿಲ್ಲ. ಅಜ್ಜಿ ಕಲಿಸುತ್ತೇನೆಂದಾಗಲೆಲ್ಲ ಇವಳಿಗೆ ಆಫೀಸಿನ ಮೀಟಿಂಗ್ ಇರುತ್ತಿತ್ತು.

ಈ ಪತ್ರ ಅಂಚೆಯಲ್ಲಿ ಬರುತ್ತಿಲ್ಲ. ಅಪ್ಪ ಇವತ್ತು ರಜೆ ಹಾಕಿ ತಾನೇ ತರುತ್ತಿದ್ದಾನೆ. ನೀವು ಓದಿ ಮುಗಿಸುವವರೆಗೆ ಪಕ್ಕದಲ್ಲೇ ಕೂತಿರುತ್ತಾನೆ, ಚಹಾ ತರಲು ಕಳಿಸಬೇಡಿ. ನಾನೂ ಅವನ ಜೊತೆ ಹೊರಡಬಹುದಿತ್ತು. ಆದರೆ ನನ್ನ ಮುಖ ಕಂಡರೆ ನೀವು ಏನಾದರೊಂದು ಹೇಳಿ ನಗಿಸಿ ಮಾತನ್ನೇ ಹಾರಿಸಿಬಿಡುತ್ತೀರಿ. ಕಾಗದವನ್ನು ನಗಿಸಲು ನಿಮ್ಮಿಂದಾಗದು. ‘ಇಂಗ್ಲಿಷಿನ್ಯಾಗ ಜಗಳಾ ಮಾಡಿದ್ರ ನೀನ ಗೆಲ್ತಿ ತಂಗೀ, ಕನ್ನಡದಾಗ ಬಾ’ ಎನ್ನುತ್ತಿದ್ದಿರಲ್ಲ, ಬಂದಿದ್ದೇನೆ. ಒಂಬತ್ತು ವರ್ಷದವಳು ಧಾರವಾಡದಿಂದ ಇಲ್ಲಿಗೆ ಬಂದಾಗ ನನ್ನ ಕನ್ನಡ ಹೋಗಿಬಿಡುತ್ತದೆಂದು ಅಜ್ಜಿ ದಿನಾ ಅಡುಗೆಮನೆಯ ಮೇಜಿನ ಮೇಲೆ ಬರೆಸಿದ್ದು ಈ ಜಗಳಕ್ಕೆ ಒದಗಿತು.

ನೀವು ಅದನ್ನು ತಂದ ದಿನ ನೆನಪಿದೆಯೇ? ಎಲ್ಲರೂ ಮಾಸ್ಕ್ ಹಾಕಿ ಓಡಾಡುತ್ತಿದ್ದ ಕಾಲ. ಹಿಂದಿನ ಬೀದಿಯಲ್ಲಿ ಕಳ್ಳತನವಾಗಿತ್ತು. ಧಾರವಾಡದ ಕಾಲೇಜಿನಲ್ಲಿ ಹುಡುಗರಿಗೆ ಎನ್‌ಸಿಸಿ ಕವಾಯತು ಕಲಿಸಿದ ನಿಮಗೆ ಅದೊಂದು ನೆಪ ಸಾಕಾಯಿತು. ಬಲ್ಗೇರಿಯಾದ ಸೈನ್ಯ ಬೇಡವೆಂದು ಮಾರಿದ ಹಳೆಯ ಮಾಲು, ಅಂಗೈಗಿಂತ ಸ್ವಲ್ಪ ದೊಡ್ಡದು, ಕಂದು ಹಿಡಿಯ ಮೇಲೆ ಒಂದು ನಕ್ಷತ್ರ, ಮೈಯೆಲ್ಲ ಮಂದವಾದ ಗ್ರೀಸು. ಅಜ್ಜಿಯ ಹಳೆಯ ಸೀರೆಯ ಚೂರಿನಿಂದ ನೀವು ಅದನ್ನು ಒರೆಸುತ್ತ ಕೂತಿದ್ದಿರಿ. ಅಜ್ಜಿ ಬಗ್ಗಿ ಮೂಸಿ ನೋಡಿ, ‘ಏನ್ರೀ ಇದು, ಗಾಣದಾಗ ಬಿದ್ದ ಅಡಕತ್ತರಿ ಇದ್ದಂಗದ!’ ಎಂದಳು. ಅಂದಿನಿಂದ ಅದರ ಹೆಸರು ಅಡಕತ್ತರಿಯೇ ಆಯಿತು.

ನಾನು ಮೂರು ದಿನ ನಿಮ್ಮೊಡನೆ ಮಾತು ಬಿಟ್ಟೆ. ಬಂದೂಕಿನ ಬಗ್ಗೆ ನನಗೆ ಗೊತ್ತಿದ್ದದ್ದೆಲ್ಲ ಕರಪತ್ರಗಳಿಂದ ಬಂದದ್ದು. ಲೈಬ್ರರಿಯ ಮೆಟ್ಟಿಲ ಮೇಲೆ ನಿಂತು ಹಂಚುತ್ತಿದ್ದೆ, ಉಳಿದವನ್ನು ಮನೆಗೆ ತಂದು ಬಾಯಿಪಾಠವಾಗುವಷ್ಟು ಸಲ ಓದುತ್ತಿದ್ದೆ. ಮನೆಯಲ್ಲಿರುವ ಬಂದೂಕಿನಿಂದ ಹೆಚ್ಚು ಅಪಾಯ ಕಳ್ಳನಿಗಲ್ಲ, ಮನೆಯವರಿಗೇ ಎಂದು ಒಂದರಲ್ಲಿತ್ತು. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ನೀವು ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದಿರಿ. ಓದಿ, ‘ನಿಮ್ಮಪ್ಪ ಎಲ್ ಸೆಗುಂಡೋದಾಗ ಕುಂತು ಕ್ಷಿಪಣಿಗೆ ಬಿಡಿಭಾಗ ಮಾಡ್ತಾನ, ಅವನ ಆಫೀಸಿನ ಮುಂದ ಒಂದ ಹಾಳಿ ಹಂಚಿಲ್ಲ ನೀ. ಈ ಮುದುಕನ ಅಡಕತ್ತರಿ ಮ್ಯಾಲ ಯಾಕವ್ವಾ ಇಷ್ಟ ಸಿಟ್ಟು?’ ಎಂದಿರಿ. ಅಪ್ಪ ತಟ್ಟೆ ಎತ್ತಿಕೊಂಡು ಒಳಗೆ ಹೋದ. ಅಪ್ಪನ ಆಫೀಸಿನ ಮುಂದೆ ನಾನು ಇನ್ನೂ ನಿಂತಿಲ್ಲ ಅಜ್ಜಾ. ಆದರೂ ಕರಪತ್ರ ಸುಳ್ಳು ಹೇಳಿರಲಿಲ್ಲ.

ಆಮೇಲೆ ನೀವೇ ಒಂದು ದಿನ ‘ಬೈಯೋದಕ್ಕಿಂತ ಮೊದಲ ನೋಡು’ ಎಂದು ಗುಂಡು ಹಾರಿಸುವ ರೇಂಜಿಗೆ ಕರೆದೊಯ್ದಿರಿ. ಮೊದಲ ಗುಂಡಿಗೇ ಅದು ಮಣಿಕಟ್ಟಿಗೆ ಒದ್ದ ರೀತಿ ನೆನೆದರೆ ಈಗಲೂ ಕೈ ಜುಮ್ಮೆನ್ನುತ್ತದೆ. ಅಷ್ಟು ಚಿಕ್ಕದಕ್ಕೆ ಅಷ್ಟು ಸಿಟ್ಟು. ನೀವು ಹಿಂದೆ ನಿಂತು, ‘ಎಳೀಬ್ಯಾಡ, ಒತ್ತು. ಹಸೀ ಬೆಲ್ಲಾ ಒತ್ತಿದಂಗ ಒತ್ತು’ ಎಂದು ಕಿವಿ ಮುಚ್ಚಿದ ಇಯರ್‌ಮಫ್ ದಾಟಿ ಕೇಳುವಂತೆ ಕೂಗುತ್ತಿದ್ದಿರಿ. ಗುಂಡುಗಳೆಲ್ಲ ಗುರಿಯ ಕಾಗದದ ನಡುವಿಗೆ ಹೋಗಿ ಕೂತವು. ನನಗೆ ಸಂತೋಷವಾಯಿತು. ಆ ಸಂತೋಷಕ್ಕೇ ಹೆದರಿ ಮತ್ತೆ ಬರುವುದಿಲ್ಲವೆಂದೆ, ನೀವು ಒತ್ತಾಯ ಮಾಡಲಿಲ್ಲ. ಹೊರಡುವ ಮುಂಚೆ ಗುಂಡಿನ ಮ್ಯಾಗಜೀನ್ ತೆಗೆದು, ಮೇಲಿನ ಭಾಗವನ್ನು ಹಿಂದೆ ಎಳೆದು, ಗುಂಡು ಕೂರುವ ಜಾಗಕ್ಕೆ ಕಿರುಬೆರಳು ತೂರಿಸಿ ತೋರಿಸಿದಿರಿ. ಮ್ಯಾಗಜೀನ್ ತೆಗೆದರೂ ಒಂದು ಗುಂಡು ಒಳಗೇ ಕೂತಿರಬಹುದು, ಬೆರಳಿಟ್ಟು ನೋಡದೆ ನಂಬಬಾರದು ಎಂದಿರಿ. ಬೆರಳು ತೆಗೆದು ಗಟ್ಟಿಯಾಗಿ ‘ಖಾಲಿ’ ಎಂದಿರಿ. ಆ ಮಾತನ್ನು ನಿಮ್ಮ ಬಾಯಿಂದ ಅಲ್ಲಿ ಮಾತ್ರ ಕೇಳಿದ್ದೇನೆ.

ಯಾಕೆಂದರೆ ಮನೆಯಲ್ಲಿ ಅದು ಅಪಶಕುನದ ಮಾತು, ಆಡುವಂತಿರಲಿಲ್ಲ. ಅಕ್ಕಿ ತೀರಿದರೆ ಅಜ್ಜಿ ‘ಅಕ್ಕಿ ತುಂಬ್ಯಾವ’ ಎನ್ನುತ್ತಿದ್ದಳು. ದೀಪ ಆರಿಸು ಎನ್ನದೆ ದೊಡ್ಡದು ಮಾಡು ಎನ್ನುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಅವಳು ‘ತುಂಬ್ಯಾವ’ ಎಂದದ್ದನ್ನು ನಂಬಿ ನೀವು ಅಂಗಡಿಗೆ ಹೋಗದೆ ಕೂತು, ಆ ದಿನ ಇಬ್ಬರೂ ಬರೀ ಸಾರು ಕುಡಿದ ಕಥೆಯನ್ನು ಎಷ್ಟು ಸಲ ಹೇಳಿಲ್ಲ ನೀವು! ಮೊದಲ ಆಯುಧಪೂಜೆಯಲ್ಲಿ ಅಡಕತ್ತರಿಯನ್ನೂ ಕಾರಿನ ಕೀಲಿಯ ಪಕ್ಕದಲ್ಲಿ ಇಟ್ಟಾಗ ಅಜ್ಜಿ ಕುಂಕುಮದ ಬಟ್ಟಲು ಹಿಡಿದು, ‘ಹೆಂಗದ ಅದು?’ ಎಂದಳು. ನೀವು ‘ತುಂಬೇದ’ ಎಂದಿರಿ. ಅಪ್ಪ ಬಾಗಿಲವರೆಗೆ ಹಿಂದೆ ಸರಿದ. ‘ಲೇ ಬಸವಪ್ರಸಾದಾ, ನಿಮ್ಮವ್ವನ ಮಾತಿನ್ಯಾಗ ತುಂಬೇದೋ!’ ಎಂದು ನೀವು ನಕ್ಕಿರಿ. ಅಜ್ಜಿ ಅಷ್ಟಕ್ಕೇ ನಿಲ್ಲಿಸಲಿಲ್ಲ. ನನ್ನ ಕರಪತ್ರಗಳ ಕಟ್ಟನ್ನೂ ತಂದಿಟ್ಟು, ‘ಇದು ಈಕಿ ಆಯುಧ’ ಎಂದು ಅದಕ್ಕೂ ಕುಂಕುಮ ಹಚ್ಚಿದಳು. ಆ ಕಟ್ಟನ್ನು ನಾನು ಹಂಚಲಿಲ್ಲ, ಹಾಗೇ ಇದೆ.

ಅಜ್ಜಿ ಹೋಗಿ ಈಗ ಏಳು ತಿಂಗಳು. ನೀವು ಸ್ಯಾನ್ ಡಿಯೇಗೋದ ಫೋರ್ ಎಸ್ ರ್ಯಾಂಚಿಗೆ, ಅತ್ತೆಯ ಮನೆಗೆ ಹೋದ ಮೇಲೆ ಫೋನಿನಲ್ಲಿ ‘ಆರಾಮ ಅದೀನಿ’ ಎಂಬುದನ್ನು ಬಿಟ್ಟು ಬೇರೆ ಮಾತಿಲ್ಲ. ಶುಕ್ರವಾರ ನಿಮ್ಮಿಂದ ಒಂದು ಪೆಟ್ಟಿಗೆ ಬಂತು. ಬಿಚ್ಚಿದರೆ ರೇಂಜಿನಲ್ಲಿ ನೀವು ಕಿವಿಗೆ ಹಾಕುತ್ತಿದ್ದ ನೀಲಿ ಇಯರ್‌ಮಫ್. ‘ನಿನಗ ಇರ್ಲಿ, ನನಗ ಇನ್ನ ಬ್ಯಾಡ’ ಎಂದು ಒಂದೇ ಸಾಲು. ನನಗೆ ಸಮಾಧಾನವಾಯಿತು ಅಜ್ಜಾ, ನಿಜ ಹೇಳುತ್ತೇನೆ. ಕೊನೆಗೂ ಪಿಸ್ತೂಲಿನ ಹುಚ್ಚು ಬಿಟ್ಟರು, ನಾನು ಗೆದ್ದೆ ಅಂದುಕೊಂಡೆ. ಆಮೇಲೆ ನಿನ್ನೆ ಅತ್ತೆಯ ಫೋನು ಬಂತು. ನೀವು ಗರಾಜಿನ ಬಾಗಿಲು ಎಳೆದುಕೊಂಡು, ಪೇಪರ್ ಹಾಸಿ, ಪಿಸ್ತೂಲಿಗೆ ಎಣ್ಣೆ ಹಾಕುತ್ತ ಕೂರುತ್ತೀರಂತೆ. ಅವಳು ಬಾಗಿಲಲ್ಲಿ ನಿಂತು ಖಾಲಿ ಇದೆಯೇ ಎಂದು ಕೇಳಿದಳಂತೆ. ನೀವು ತಲೆ ಎತ್ತದೆ, ‘ತುಂಬೇದ, ಚಿಂತಿ ಮಾಡಬ್ಯಾಡ’ ಎಂದಿರಂತೆ.

ಅತ್ತೆಗೆ ಅದು ಅವಳವ್ವನ ಮಾತಾಗಿ ಕೇಳಿಸಿದೆ. ‘ಸದ್ಯ, ಖಾಲಿ ಅದ’ ಎಂದು ನೆಮ್ಮದಿಯಿಂದ ಹೇಳಿದಳು. ನನಗೆ ಆ ನೆಮ್ಮದಿ ಬರುತ್ತಿಲ್ಲ. ನೀವು ಅಜ್ಜಿಯ ಮಾತಾಡಿದಿರೋ, ಎಲ್ಲರ ಮಾತಾಡಿದಿರೋ? ಕಿವಿಗೆ ಇಯರ್‌ಮಫ್ ಇಲ್ಲದೆ ನೀವು ಒಮ್ಮೆಯೂ ಪಿಸ್ತೂಲಿನ ಕುದುರೆ ಒತ್ತಿದವರಲ್ಲ. ಅದನ್ನೇ ನನಗೆ ಕಳಿಸಿದ ಮೇಲೆ ಆ ಪಿಸ್ತೂಲಿಗೆ ಎಣ್ಣೆ ಯಾಕೆ ಹಾಕುತ್ತೀರಿ? ಬೆಳಗಿನಿಂದ ನಿಮ್ಮ ಇಯರ್‌ಮಫ್ ಹಾಕಿಕೊಂಡು ಕೂತಿದ್ದೇನೆ. ಒಳಗೆ ನನ್ನ ಉಸಿರೇ ದೊಡ್ಡದಾಗಿ ಕೇಳುತ್ತದೆ.

ಅಮ್ಮ ನಿಮಗೆ ಶೇಂಗಾ ಚಟ್ನಿಪುಡಿ ಕಳಿಸಿದ್ದಾಳೆ. ಅತ್ತೆಗೆ ನನ್ನ ನೆನಪು ಹೇಳಿ. ನಿಮ್ಮ ಕಾಲಿಗೆ ಬಿದ್ದು ಕೇಳುತ್ತೇನೆ, ಸಿಟ್ಟಾಗಬೇಡಿ. ಸಿಟ್ಟಾದರೂ ಪರವಾಗಿಲ್ಲ, ಸಿಟ್ಟಾಗಿ ಬೈಯಲಿಕ್ಕಾದರೂ ಇರಿ.

ನಿಮ್ಮ ಜಗಳಗಂಟಿ,
ಶಿವಾನಿ

ತಾ.ಕ. ಅಪ್ಪ ಕೆಳಗೆ ಕಾರು ಶುರು ಮಾಡಿದ್ದಾನೆ, ಬೇಗ ಬರೆಯುತ್ತೇನೆ. ಇಂಥ ಸಂದೇಹ ಬಂದರೆ ಸುತ್ತಿಬಳಸದೆ ಕೇಳಿ ಎಂದು ಒಂದು ಕರಪತ್ರದಲ್ಲಿದೆ. ಊರವರಿಗೆಲ್ಲ ಹಂಚಿದವಳಿಗೆ ಇಷ್ಟು ಪುಟ ಬೇಕಾಯಿತು. ಅಜ್ಜಾ, ನಿಮಗೆ ಸಾಯಬೇಕು ಅನ್ನಿಸುತ್ತಿದೆಯೇ? ಹೌದಾದರೆ ಪಕ್ಕದಲ್ಲಿರುವ ಅಪ್ಪನಿಗೆ ಈಗಲೇ ಹೌದು ಎನ್ನಿ. ಅವನು ಹೆದರುವುದಿಲ್ಲ, ದಾರಿಯುದ್ದಕ್ಕೂ ಹೆದರಿ ಮುಗಿಸಿಯೇ ಬಂದಿರುತ್ತಾನೆ. ಅಡಕತ್ತರಿಯನ್ನು ಅವನ ಮುಂದೆ ಬಿಚ್ಚಿ, ಕಿರುಬೆರಳಿಟ್ಟು ನೋಡಿ, ಪೆಟ್ಟಿಗೆಗೆ ಬೀಗ ಹಾಕಿ ಕೀಲಿ ಅವನಿಗೆ ಕೊಡಿ. ಆಗ ‘ತುಂಬೇದ’ ಎನ್ನಬೇಡಿ. ಅಜ್ಜಿಗೆ ಬೇಜಾರಾಗುವುದಿಲ್ಲ, ಈ ಒಂದು ಸಲ ‘ಖಾಲಿ’ ಎನ್ನಿ. ಇಲ್ಲಿ ನೀವು ಕೊಂಡ ಅಂಗಡಿಯವರು ಅದನ್ನು ತಮ್ಮ ಬೀಗದೊಳಗೆ ಇಟ್ಟುಕೊಳ್ಳುತ್ತಾರಂತೆ. ಸೋಮವಾರ ಅವರಿಗೆ ರಜೆ, ಇವತ್ತು ರಾತ್ರಿ ಅಪ್ಪ ನಿಮ್ಮ ಜೊತೆ ಅಲ್ಲೇ ಉಳಿಯುತ್ತಾನೆ. ನಾಳೆ ನಾನು ಬರುತ್ತೇನೆ, ಮೂವರೂ ಸೇರಿ ಒಯ್ಯೋಣ. ಆಮೇಲೆ ನೀವು ವಾಲ್‌ನಟ್‌ನಲ್ಲೇ ಉಳಿಯಿರಿ, ಆಯುಧಪೂಜೆಗೆ ಕುಂಕುಮ ಹಚ್ಚಿದ ಆ ಕರಪತ್ರದ ಕಟ್ಟನ್ನು ಇಡೋಣ. ನಾಳೆ, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆಗೆ. ಗರಾಜಿನ ಬಾಗಿಲು ತೆರೆದಿರಲಿ.