ರುದ್ರೇಶ್ ಸಾಹೇಬರ ಅಮಾವಾಸ್ಯೆ

16-2-2026, ಸೋಮವಾರ, ಕಲ್ಯಾಣದುರ್ಗ

ನಿನ್ನೆ ಶಿವರಾತ್ರಿ ಜಾಗರಣೆ, ಕಣ್ಣು ಉರಿಯುತ್ತಿದೆ. ಆದರೂ ಖುಷಿಗೆ ನಿದ್ದೆ ಹತ್ತುತ್ತಿಲ್ಲ.

ಹಿಂದೂಪುರದ ಹೆಡ್ಡಾಫೀಸಿನಿಂದ ಮ್ಯಾನೇಜರ್ ರುದ್ರೇಶ್ ಫೋನ್ ಮಾಡಿದ್ದರು. ದನಿ ಎಷ್ಟು ಮೆತ್ತಗಾಗಿದೆ! ಮಂಗಳವಾರ, ಅಮಾವಾಸ್ಯೆ, ರಾಹುಕಾಲ ಎಂದು ಲಾರಿ ಕಾಂಟ್ರಾಕ್ಟ್ ಫೈಲುಗಳನ್ನು ಸಹಿ ಹಾಕದೆ ಡ್ರಾಯರಿನಲ್ಲಿ ಮಲಗಿಸುತ್ತಿದ್ದ ಮನುಷ್ಯ. ಲಾರಿಯವರು ಜಗಳಕ್ಕೆ ಬಂದಾಗ, "ಯಶೋದಾ ಫೈಲೇ ಕಳ್ಸಿಲ್ಲ ಕಣಪ್ಪ" ಎಂದು ನನ್ನ ತಲೆಗೆ ಕಟ್ಟಿದರು. ಆ ಒಂದು ಮಾತಿಗೆ ನನ್ನನ್ನು ಈ ಬ್ರಾಂಚಿಗೆ ಎತ್ತಿಹಾಕಿದರು.

ಈಗ ಇಡೀ ಕಂಪನಿಯಲ್ಲಿ ಫೈಲಿಲ್ಲ, ಎಲ್ಲ ಕಂಪ್ಯೂಟರ್. ಕಾಂಟ್ರಾಕ್ಟ್ ಕಳಿಸಿದ ದಿನವೇ ಸಹಿ ಬೀಳದಿದ್ದರೆ, ಯಾರ ಹತ್ತಿರ ನಿಂತಿದೆ ಎಂದು ಕಂಪ್ಯೂಟರೇ ಹೆಸರು ಸಮೇತ ಎಂ.ಡಿ.ಗೆ ಹೇಳುತ್ತದೆ. ಅದನ್ನು ಹೊಂದಿಸುವ ಕೆಲಸ ಬಂದಿರುವುದು ನನ್ನ ಕೈಗೆ.

"ಯಶೋದಮ್ಮಾ, ಅಮಾಸೆ, ರಾಹುಕಾಲ ಎಲ್ಲಾ ರಜಾ ಅಂತ ಅದ್ರಾಗೆ ಸೇರ್ಸ್ಬುಡಮ್ಮಾ. ಕೊಂಚೆಂ ಚೂಡಮ್ಮಾ, ಒಸಿ ನೋಡಮ್ಮಾ" ಎಂದರು.

"ಮಿಷನ್‌ಗೆ ಪಂಚಾಂಗ ಗೊತ್ತಾಗಲ್ಲ ಸಾರ್" ಎಂದೆ.

ಸುಳ್ಳು. ಒಂದು ಟಿಕ್ ಹಾಕಿದರೆ ಸಾಕು, ಆ ದಿನ ಅದು ಬಾಯಿ ಮುಚ್ಚಿಕೊಂಡಿರುತ್ತದೆ. ನಾನು ಹಾಕುವುದಿಲ್ಲ.

ನಾಳೆ ಮಂಗಳವಾರ, ಅದರ ಮೇಲೆ ಅಮಾವಾಸ್ಯೆ. ನಮ್ಮ ಬ್ರಾಂಚಿನ ಲಾರಿ ಕಾಂಟ್ರಾಕ್ಟುಗಳನ್ನೆಲ್ಲ ತಯಾರು ಮಾಡಿ ಇಟ್ಟಿದ್ದೇನೆ. ಮಧ್ಯಾಹ್ನ ಮೂರಕ್ಕೆ ರಾಹುಕಾಲ ಶುರು. ಆಗಲೇ ಎಲ್ಲವನ್ನೂ ಒಟ್ಟಿಗೆ ರುದ್ರೇಶ್ ಸಾಹೇಬರ ಸಹಿಗೆ ಬಿಡುತ್ತೇನೆ. ನೋಡೋಣ, ಅವರಿಗೆ ರಾಹು ದೊಡ್ಡವನೋ, ಎಂ.ಡಿ. ದೊಡ್ಡವರೋ...