ಕಿಲೋಮೀಟರ್ ಪುಸ್ತಕ

ಮಾರ್ಚ್ ೯, ಭಾನುವಾರ

ಪ್ರೀತಿಯ ಕಡ್ಡಿ,

ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಕಾಗದಕ್ಕೆ ಉತ್ತರ ಬರೆಯಲು ಐದು ತಿಂಗಳು ತಡ ಮಾಡಿದೆ, ತಪ್ಪಾಯಿತು. ಪುರಸೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸಿಟ್ಟಿತ್ತು, ಈಗಲೂ ಇದೆ. ನೀನು ಬರೆದದ್ದು ಒಂದೇ ಸಾಲು, "ನನ್ನ ಕಿಲೋಮೀಟರ್ ಪುಸ್ತಕ ಕಳಿಸಿಕೊಡಿ, ಕೋಚ್‌ಗೆ ತೋರಿಸಬೇಕು" ಅಂತ. ಕಳಿಸಿಕೊಡಿ ಅಂತೆ! ನಾನು ಯಾವಾಗಿನಿಂದ ನಿನಗೆ ಪರಕೀಯನಾದೆ?

ಮ್ಯಾರಥಾನನ್ನು ಮೊದಲಿಗಿಂತ ಹನ್ನೆರಡು ನಿಮಿಷ ಬೇಗ ಮುಗಿಸಿದ್ದನ್ನು ಪೇಪರಿನಲ್ಲಿ ಓದಿದೆ. ಅಲ್ಲಿ ನೀನು ಹೇಳಿದ್ದನ್ನೂ ಓದಿದೆ: "ಎಲ್ಲಿ ನೋಯ್ತಿದೆ ಅಂತ ನನ್ನನ್ನ ಮೊದಲು ಕೇಳಿದ್ದೇ ಈ ಕೋಚು." ಹದಿನಾಲ್ಕು ವರ್ಷ ಬೆಳಗ್ಗೆ ಐದಕ್ಕೆ ಸೈಕಲ್ ತುಳಿದುಕೊಂಡು ನಿನ್ನ ಹಿಂದೆ ಬಂದವನು ಯಾರು, ದಾರಿಹೋಕನಾ?

ಆಯಮ್ಮ ನಿನ್ನ ಓಟವನ್ನು ಅರ್ಧಕ್ಕಿಳಿಸಿ ಮೂರು ತಿಂಗಳು ಚಾಪೆ ಮೇಲೆ ವ್ಯಾಯಾಮ ಮಾಡಿಸಿದಳಂತೆ. "ಮಲಗಿದ್ರೆ ರೇಸ್ ಗೆಲ್ಲೋದಾದ್ರೆ ಪಕ್ಕದ್ಮನೆ ನಾಯಿ ಯಾವತ್ತೋ ಗೆಲ್ತಿತ್ತು" ಎಂದು ನಕ್ಕೆ. ನಿಮ್ಮಮ್ಮ ನಗಲಿಲ್ಲ. "ನಿಮ್ಮ ಸೊಂಟ ಹಿಡ್ಕೊಳ್ಲಿ, ಆಗ ಗೊತ್ತಾಗುತ್ತೆ" ಎಂದಳು. ಅವಳ ಬಾಯಿಗಿಷ್ಟು! ಮರುವಾರವೇ ಮೈದಾನದಲ್ಲಿ ನೀರಿನ ಕ್ಯಾನು ಎತ್ತಲು ಬಗ್ಗಿದವನು ಮತ್ತೆ ನೆಟ್ಟಗಾಗಲಿಲ್ಲ.

ಫಿಸಿಯೋಥೆರಪಿ ಮಾಡುವವಳು ನಿನ್ನ ವಯಸ್ಸಿನ ಹುಡುಗಿ. ಮೊಣಕೈ ಮತ್ತು ಕಾಲ್ಬೆರಳ ಮೇಲೆ ಮೈಯನ್ನು ಹಲಗೆಯಂತೆ ನೇರ ಹಿಡಿಯಲು ಹೇಳಿದಳು. ಎಂಟು ಎಣಿಸುವಷ್ಟರಲ್ಲಿ ಹೊಟ್ಟೆ ನಡುಗಿ ದೊಪ್ಪನೆ ಬಿದ್ದೆ. "ನೀವು ಕೋಚಾ ಸರ್?" ಎಂದಳು. ಮಾನ ಹೋಯಿತು.

"ಓಡೋದು ಬರೀ ಕಾಲಲ್ಲ ಸರ್," ಎಂದು ಅವಳೇ ಬಿಡಿಸಿ ಹೇಳಿದಳು. "ಹೊಟ್ಟೆ, ಬೆನ್ನು, ಸೊಂಟ ಗಟ್ಟಿ ಇಲ್ದಿದ್ರೆ ಮೂವತ್ತು ಕಿಲೋಮೀಟರ್ ದಾಟಿದ್ಮೇಲೆ ಮೈ ಒಂದು ಕಡೆ ವಾಲುತ್ತೆ, ಹೆಜ್ಜೆ ಚಿಕ್ಕದಾಗುತ್ತೆ. ಎಷ್ಟು ಉಸಿರಿದ್ದೇನು ಬಂತು?"

ನನಗೆ ನಮ್ಮ ಕೊನೆಯ ರೇಸ್ ನೆನಪಾಯಿತು. ಮೂವತ್ತೊಂದನೇ ಕಿಲೋಮೀಟರಿನಲ್ಲಿ ನೀನು ಎಡಕ್ಕೆ ವಾಲಿದ್ದೆ. "ನಾಟಕ ಸಾಕು, ಕೈ ಬೀಸು!" ಎಂದು ನಾನು ಸೈಕಲ್ ಮೇಲಿಂದ ಕಿರುಚಿದೆ. ಮೂವತ್ನಾಲ್ಕರಲ್ಲಿ ನೀನು ಬಿದ್ದೆ. ಆಸ್ಪತ್ರೆಯಿಂದ ನೇರ ಚಿಕ್ಕಮ್ಮನ ಮನೆಗೆ ಹೋದವಳು ಮತ್ತೆ ನಮ್ಮ ಮನೆಗೆ ಬರಲೇ ಇಲ್ಲ.

ಈಗ ಹಲಗೆಯಂತೆ ನಲವತ್ತು ಸೆಕೆಂಡು ನಿಲ್ಲುತ್ತೇನೆ. ನಿಮ್ಮಮ್ಮ ನನ್ನದೇ ಸ್ಟಾಪ್‌ವಾಚ್ ಹಿಡಿದು ಕುರ್ಚಿಯಲ್ಲಿ ಕೂತು, ನಾನು ನರಳಿದಾಗಲೆಲ್ಲ "ನಾಟಕ ಸಾಕು" ಎನ್ನುತ್ತಾಳೆ. ಬೇಕೆಂದೇ ಅನ್ನುತ್ತಾಳೆ. ನಿನ್ನ ಕೋಚ್ ಮೇಲೆ ನನಗೆ ಹೊಟ್ಟೆಕಿಚ್ಚು ಹೋಗಿಲ್ಲ, ಆದರೂ ಅವಳು ಹೇಳಿದ್ದನ್ನು ಬಿಡಬೇಡ.

ಬಹುಕಾಲ ನೆಟ್ಟಗೆ ನಿಂತು ಬಾಳು, ತಾಯಿ.

ನಿನ್ನ
ಅಪ್ಪ

ಮರೆತಿದ್ದಲ್ಲ, ಬರೆಯಲು ಹೆದರಿದ್ದು: ಪುಸ್ತಕ ಇದರ ಜೊತೆಗಿದೆ. ಪೇಪರಿನಲ್ಲಿ ನೀನು ಹೇಳಿದ್ದು ಸುಳ್ಳು ಎಂದು ಸಾಧಿಸಲು ನಿನ್ನೆ ಅದನ್ನು ಬಿಚ್ಚಿದೆ. ಅದರಲ್ಲಿ ಓಡಿದ ಲೆಕ್ಕ ಮಾತ್ರ ಇರಬೇಕು, ಗೋಳು ಇರಬಾರದು ಎಂಬ ನಿಯಮ ನನ್ನದೇ. ನೀನು ಪೆನ್ಸಿಲಿನಲ್ಲಿ ಬೇರೇನು ಬರೆದರೂ ನಾನು ರಬ್ಬರ್ ಹಾಕುತ್ತಿದ್ದೆ. ಕಿಟಕಿ ಬಳಿ ಓರೆಯಾಗಿ ಹಿಡಿದರೆ ಅಚ್ಚು ಹಾಗೇ ಇದೆ. ಸೊಂಟ ನೋವು. ಸೊಂಟ ನೋವು. ಇಪ್ಪತ್ಮೂರು ಪುಟಗಳಲ್ಲಿ. ಆ ಕೊನೆಯ ರೇಸಿನ ಹಿಂದಿನ ದಿನ, "ಅಪ್ಪಾ, ನಾಳೆ ಓಡಲೇಬೇಕಾ?" ಅದನ್ನು ಓದಿಯೇ ಅಳಿಸಿದ್ದೆ, ಮಗಳೇ, ಚೆನ್ನಾಗಿ ನೆನಪಿದೆ. ಅದರ ಮೇಲೆ ನನ್ನ ಅಕ್ಷರದಲ್ಲಿ "ನಾಳೆ ನಲವತ್ತೆರಡು ಕಿಲೋಮೀಟರ್" ಎಂದಿದೆ.